ಆಸ್ಪತ್ರೆ ಯಂತ್ರಗಳ ರಿಪೇರಿ ಪುಸ್ತಕ: ಬರೆಯುವುದು ಹೇಗೆ, ಓದುವುದು ಹೇಗೆ

ಯಂತ್ರ ಕೆಟ್ಟ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಯಾವಾಗ ಸರಿಯಾಗುತ್ತದೆ? ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಇದು ಹಿಂದೆಯೂ ಹೀಗೇ ಕೆಟ್ಟಿತ್ತಾ? ಆಗ ಏನು ಬದಲಾಯಿಸಿದ್ದರು? ಈ ಎರಡು ಪ್ರಶ್ನೆಗೆ ಕೂತಲ್ಲೇ ಉತ್ತರ ಸಿಗುವ ಆಸ್ಪತ್ರೆ ನಮ್ಮ ಕಡೆ ಕಡಿಮೆ. ಸರ್ವಿಸ್ ರಿಪೋರ್ಟ್ ಇರುವುದಿಲ್ಲ ಎಂದಲ್ಲ. ಬಿಲ್ಲಿನ ಜೊತೆ ಪಿನ್ ಹೊಡೆದು ಆಫೀಸಿನ ಫೈಲಿಗೆ ಸೇರಿಸಿರುತ್ತಾರೆ. ಬಿಲ್ ಪಾಸಾದ ಮೇಲೆ ಆ ಫೈಲನ್ನು ಯಾರೂ ಬಿಚ್ಚುವುದಿಲ್ಲ.

ಕಾಸರಗೋಡು ಜಿಲ್ಲೆಯ ಆಸ್ಪತ್ರೆಗಳಲ್ಲಿ ಯಂತ್ರಗಳ ಕೆಲಸ ನೋಡಿಕೊಳ್ಳುತ್ತಾ ಬಂದವನು ನಾನು. ನಮ್ಮ ಸಣ್ಣ ನರ್ಸಿಂಗ್ ಹೋಮು, ಕುಟುಂಬ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆಗಳಲ್ಲಿ ಈ ಕೆಲಸ ಹೊತ್ತಿರುವ ಸಿಸ್ಟರ್, ಫಾರ್ಮಸಿಸ್ಟ್, ಟೆಕ್ನಿಷಿಯನ್, ಸ್ಟೋರಿನವರಿಗೆಂದು ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೇ ಒಂದು ವಿಭಾಗ ಇರುತ್ತದೆ. ನಮ್ಮಲ್ಲಿ ಹೆಚ್ಚಿನ ಕಡೆ ಇರುವುದು ಒಂದು ಪುಸ್ತಕ, ಒಂದು ಫೋನ್ ನಂಬರ್ ಅಷ್ಟೆ. ಆದ್ದರಿಂದಲೇ ಆ ಪುಸ್ತಕ ಚೆನ್ನಾಗಿರಬೇಕು.

ನಮ್ಮ ಜಿಲ್ಲೆಯ ಜಾಗವೂ ಇದಕ್ಕೆ ಒಂದು ಕಾರಣ. ರಾಜಧಾನಿ ತಿರುವನಂತಪುರ ಇಲ್ಲಿಂದ 550 ಕಿಲೋಮೀಟರಿಗಿಂತ ದೂರ. ಮಂಗಳೂರು ಹತ್ತಿರವೇ, ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಆದರೆ ಅದು ಬೇರೆ ರಾಜ್ಯ. ಕಂಪನಿಯ ಎಂಜಿನಿಯರ್ ಕೊಚ್ಚಿಯಿಂದ ಬರಬೇಕೋ ಮಂಗಳೂರಿನಿಂದ ಬರಬೇಕೋ ಎಂಬ ಚರ್ಚೆಯಲ್ಲೇ ಎಷ್ಟೋ ಸಲ ದಿನ ಕಳೆಯುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳನ್ನೇ ಆಚೆ ಬಿಡಲಿಲ್ಲ. ಇನ್ನು ಸ್ಪೇರ್ ಪಾರ್ಟ್ ತರಿಸುವ ಮಾತೆಲ್ಲಿ? ಯಾವ ಭಾಗ ಎಷ್ಟು ಸಮಯಕ್ಕೊಮ್ಮೆ ಹೋಗುತ್ತದೆ ಎಂದು ಗೊತ್ತಿದ್ದರೆ ಮಾತ್ರ ಅದನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ಅದನ್ನು ಹೇಳುವುದು ಹಳೆಯ ರಿಪೇರಿಯ ದಾಖಲೆಯೇ.

ಮೊದಲು ಪಟ್ಟಿ

ಒಂದು ದಿನ ಬಿಡುವು ಮಾಡಿಕೊಂಡು ವಾರ್ಡಿನಿಂದ ವಾರ್ಡಿಗೆ ನಡೆಯಿರಿ. ಸ್ಟಾಕ್ ರಿಜಿಸ್ಟರ್ ನೋಡಿ ಪಟ್ಟಿ ಮಾಡಬೇಡಿ. ಯಂತ್ರವನ್ನು ಕಣ್ಣಾರೆ ನೋಡಿ ಬರೆಯಿರಿ. ರಿಜಿಸ್ಟರಿನಲ್ಲಿ ಇರುವುದು ಕೋಣೆಯಲ್ಲಿ ಇರುವುದಿಲ್ಲ, ಕೋಣೆಯಲ್ಲಿ ಇರುವುದು ರಿಜಿಸ್ಟರಿನಲ್ಲಿ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ದಾನವಾಗಿ ಬಂದ ಯಂತ್ರಗಳ ವಿಷಯದಲ್ಲಂತೂ ಇದು ಜಾಸ್ತಿ.

ಪ್ರತಿ ಯಂತ್ರಕ್ಕೂ ಒಂದು ನಂಬರ್ ಕೊಡಿ, ಅಳಿಸಿಹೋಗದ ಸ್ಟಿಕ್ಕರ್ ಅಂಟಿಸಿ. ನಂಬರಿನಲ್ಲಿ ವಾರ್ಡಿನ ಹೆಸರು ಸೇರಿಸಬೇಡಿ. ಯಂತ್ರ ವಾರ್ಡ್ ಬದಲಿಸುತ್ತದೆ, ನಂಬರ್ ಬದಲಾಗಬಾರದು. ಕಫ, ರಕ್ತ ಎಳೆದು ತೆಗೆಯುವ ಸಕ್ಷನ್ ಯಂತ್ರಗಳಿಗೆ ಸಕ್ಷನ್ 01, 02, 03 ಎಂದಿಟ್ಟರೆ ಸಾಕು. ಹೆಸರು, ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಬಂದ ದಿನ, ಬಳಕೆ ಶುರುವಾದ ದಿನ, ಬೆಲೆ, ವಾರಂಟಿ ಮುಗಿಯುವ ದಿನ, ರಿಪೇರಿಗೆ ಯಾರನ್ನು ಕರೆಯಬೇಕು, ಕೈಪಿಡಿ ಎಲ್ಲಿದೆ ಎಂಬುದನ್ನೆಲ್ಲ ಬರೆದುಕೊಳ್ಳಿ. ಕೈಪಿಡಿ ಕಾಣೆಯಾಗಿದ್ದರೆ ಕಂಪನಿಗೆ ಬರೆದು ಇವತ್ತೇ ತರಿಸಿ. ಯಂತ್ರ ಕೆಟ್ಟ ರಾತ್ರಿ ಅದನ್ನು ಹುಡುಕುತ್ತಾ ಕೂರುವುದು ಬೇಡ.

ಕೆಟ್ಟು ಮೂಲೆ ಸೇರಿದ ಯಂತ್ರಗಳನ್ನೂ ಪಟ್ಟಿಗೆ ಸೇರಿಸಿ. ಅವುಗಳ ಮುಂದೆ ಮೂರರಲ್ಲಿ ಒಂದನ್ನು ಬರೆಯಿರಿ: ರಿಪೇರಿ ಆಗಬಹುದು, ಭಾಗಕ್ಕೆ ಕಾಯುತ್ತಿದೆ, ಕಂಡೆಮ್ ಮಾಡಬೇಕು (ಇನ್ನು ಬಳಕೆಗೆ ಬಾರದು ಎಂದು ತೆಗೆದುಹಾಕಬೇಕು).

ರೋಗಿಗೆ ಕೇಸ್ ಶೀಟ್ ಇದ್ದ ಹಾಗೆ ಪ್ರತಿ ಯಂತ್ರಕ್ಕೂ ಒಂದು ಹಿಸ್ಟರಿ ಕಾರ್ಡ್ ಬೇಕು. ಪುಸ್ತಕದಲ್ಲಾದರೆ ಒಂದು ಯಂತ್ರಕ್ಕೆ ಎರಡು ಪುಟ ಬಿಡಿ. ಕಂಪ್ಯೂಟರಿನಲ್ಲಾದರೆ ಎಲ್ಲ ರಿಪೇರಿಗಳೂ ಒಂದೇ ಶೀಟಿನಲ್ಲಿ, ಒಂದು ರಿಪೇರಿಗೆ ಒಂದು ಸಾಲು ಇರಲಿ. ಯಂತ್ರದ ನಂಬರ್ ಹಾಕಿ ಹುಡುಕಿದರೆ ಇತಿಹಾಸ ಪೂರ್ತಿ ಬರುತ್ತದೆ. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಅವಸರ ಬೇಡ. ಕಾಗದದಲ್ಲಿ ಬರೆಯುವ ಅಭ್ಯಾಸವೇ ಇಲ್ಲದ ಕಡೆ ಸಾಫ್ಟ್‌ವೇರೂ ಖಾಲಿಯೇ ಇರುತ್ತದೆ.

ಯಾವುದು ಮೊದಲು

ಎಲ್ಲ ಯಂತ್ರಗಳಿಗೂ ಒಂದೇ ಸಮನೆ ಗಮನ ಕೊಡಲು ನಮ್ಮಲ್ಲಿ ಕೈ ಸಾಲದು. ನಿಂತರೆ ಜೀವಕ್ಕೇ ಅಪಾಯ ಎನ್ನುವಂಥವು ಮೊದಲನೆಯ ಗುಂಪು: ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ), ವೆಂಟಿಲೇಟರ್, ಅನಸ್ತೇಷಿಯಾ ಯಂತ್ರ, ಸಕ್ಷನ್, ಆಕ್ಸಿಜನ್ ಕೊಡುವ ಎಲ್ಲವೂ, ಮಗುವಿನ ವಾರ್ಮರ್. ತಪ್ಪು ಅಂಕಿ ಕೊಟ್ಟು ಚಿಕಿತ್ಸೆಯನ್ನೇ ದಾರಿ ತಪ್ಪಿಸುವಂಥವು ಎರಡನೆಯವು: ಲ್ಯಾಬಿನ ಅನಲೈಸರ್, ಬಿಪಿ ನೋಡುವ ಯಂತ್ರ, ಇಸಿಜಿ, ಸಿರಿಂಜ್ ಪಂಪ್. ಹಬೆಯಲ್ಲಿ ಉಪಕರಣಗಳ ಕ್ರಿಮಿ ಕೊಲ್ಲುವ ಆಟೋಕ್ಲೇವನ್ನೂ ನಾನು ಇದೇ ಗುಂಪಿಗೆ ಸೇರಿಸುತ್ತೇನೆ. ಅದು ಸರಿಯಾಗಿ ಕೆಲಸ ಮಾಡದಿದ್ದರೆ ಹೊರಗಿನಿಂದ ನೋಡಿದವರಿಗೆ ತಿಳಿಯುವುದೇ ಇಲ್ಲ. ಉಳಿದದ್ದೆಲ್ಲ ಮೂರನೆಯದು. ಪುಸ್ತಕವನ್ನು ಮೊದಲನೆಯ ಗುಂಪಿನಿಂದ ಶುರು ಮಾಡಿ.

ಒಂದು ರಿಪೇರಿಗೆ ಐದು ಸಮಯ

ಹೆಚ್ಚಿನ ರಿಜಿಸ್ಟರುಗಳಲ್ಲಿ ಇರುವುದು ಇಷ್ಟೇ: ತಾರೀಖು, ಯಂತ್ರದ ಹೆಸರು, 'ಸರಿಪಡಿಸಲಾಯಿತು', ಸಹಿ. ಇದರಿಂದ ನಾಳೆಯ ಕೆಲಸಕ್ಕೆ ಏನೂ ಸಿಗದು.

ನೀವು ಬರೆಯಬೇಕಾದದ್ದು ಐದು ಸಮಯ. ಕೆಟ್ಟದ್ದು ಗೊತ್ತಾದ ಸಮಯ, ಸಂಬಂಧಪಟ್ಟವರಿಗೆ ತಿಳಿಸಿದ ಸಮಯ, ಎಂಜಿನಿಯರ್ ಬಂದ ಸಮಯ, ಭಾಗ ಕೈಗೆ ಬಂದ ಸಮಯ, ಯಂತ್ರ ಮತ್ತೆ ರೋಗಿಯ ಬಳಿಗೆ ಹೋದ ಸಮಯ. ಐದೂ ಬೇಕು. ಒಂದು ವೆಂಟಿಲೇಟರ್ ಹತ್ತು ದಿನ ನಿಂತಿತ್ತು ಎಂದಷ್ಟೇ ತಿಳಿದರೆ ಕಂಪನಿಯನ್ನು ಬೈಯುವುದು ಸುಲಭ. ಹತ್ತರಲ್ಲಿ ನಾಲ್ಕು ದಿನ ನಮ್ಮವರೇ ಯಾರಿಗೂ ಹೇಳದೆ ಬಿಟ್ಟಿದ್ದರು, ಇನ್ನು ನಾಲ್ಕು ದಿನ ಕೊಟೇಶನ್ ಆಫೀಸಿನ ಮೇಜಿನ ಮೇಲೆ ಮಲಗಿತ್ತು ಎಂದು ಗೊತ್ತಾದರೆ ಮಾತು ಬೇರೆಯಾಗುತ್ತದೆ, ಅಲ್ವಾ?

ಜೊತೆಗೆ ಕಾರಣಕ್ಕೆ ಒಂದು ಅಂಕಿ. ನಮ್ಮ ಆಸ್ಪತ್ರೆಗಳಲ್ಲಿ ಒಬ್ಬ ಸಿಸ್ಟರ್ ಕನ್ನಡದಲ್ಲಿ ಬರೆದರೆ, ದಕ್ಷಿಣದಿಂದ ವರ್ಗವಾಗಿ ಬಂದ ಇನ್ನೊಬ್ಬರು ಮಲಯಾಳದಲ್ಲಿ ಬರೆಯುತ್ತಾರೆ. ಎಂಜಿನಿಯರನ ರಿಪೋರ್ಟ್ ಇಂಗ್ಲಿಷಿನಲ್ಲಿ ಇರುತ್ತದೆ. ಅಂಕಿಯಾದರೆ ಎಲ್ಲರಿಗೂ ಒಂದೇ. ಪುಸ್ತಕದ ಮೊದಲ ಪುಟದಲ್ಲಿ ಮೂರೂ ಭಾಷೆಯಲ್ಲಿ ಪಟ್ಟಿ ಅಂಟಿಸಿ: 1 ಭಾಗ ಸವೆದದ್ದು. 2 ಕೇಬಲ್, ಪ್ರೋಬ್, ಬ್ಯಾಟರಿ. 3 ಕರೆಂಟ್ ಅಥವಾ ಸಿಡಿಲು. 4 ತೇವ, ತುಕ್ಕು, ಇರುವೆ, ಹಲ್ಲಿ, ಇಲಿ. 5 ಬಳಸಿದ ಕ್ರಮ. 6 ದೋಷ ಕಾಣಲಿಲ್ಲ. ನಾಲ್ಕನೆಯದನ್ನು ಓದಿ ಹೊರಗಿನವರಿಗೆ ಆಶ್ಚರ್ಯ ಆಗಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಇರುವೆ, ಹಲ್ಲಿಗಳು ಯಂತ್ರದ ಒಳಗೆ ಸೇರುವುದು ನಮ್ಮಲ್ಲಿ ಮಾಮೂಲಿ.

ಒಂದು ಉದಾಹರಣೆ ನೋಡಿ. ಒಂದು ನರ್ಸಿಂಗ್ ಹೋಮಿನ ಲೇಬರ್ ರೂಮಿನಲ್ಲಿ ಸಕ್ಷನ್ ಯಂತ್ರ ಪದೇ ಪದೇ ಕೈಕೊಡುತ್ತಿತ್ತು. ರಾತ್ರಿ ಫೋನ್ ಬರುತ್ತಿತ್ತು: "ಅಣ್ಣಾ, ಮೋಟರ್ ಓಡ್ತದೆ, ಆದ್ರೆ ಎಳೆಯುವುದಿಲ್ಲ." ಹಳೆಯ ರಿಜಿಸ್ಟರಿನಲ್ಲಿ ಪ್ರತಿ ಸಲವೂ 'ಸರಿಪಡಿಸಲಾಯಿತು' ಎಂದೇ ಇತ್ತು. ಹೊಸ ಕ್ರಮದಲ್ಲಿ ಬರೆಯಲು ಶುರು ಮಾಡಿದ ಮೇಲಿನ ಒಂದು ನಮೂದು ಹೀಗಿತ್ತು:

ಯಂತ್ರ: ಸಕ್ಷನ್ 03, ಲೇಬರ್ ರೂಮ್
ಗೊತ್ತಾದದ್ದು: ರಾತ್ರಿ 1.20. ತಿಳಿಸಿದ್ದು: 1.30. ನೋಡಿದ್ದು: ಬೆಳಿಗ್ಗೆ 8.15
ತೊಂದರೆ: ಟ್ಯೂಬಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಗೇಜಿನ ಮುಳ್ಳು 150ರಿಂದ ಮೇಲೆ ಏರುತ್ತಿಲ್ಲ
ಕಂಡದ್ದು: ಬಾಟಲಿ ತುಂಬಿ ಫಿಲ್ಟರ್ ಒದ್ದೆಯಾಗಿದೆ. ಬಾಟಲಿಯ ಮುಚ್ಚಳದ ತೇಲುಗುಂಡು ಅಂಟಿಕೊಂಡಿದೆ
ಮಾಡಿದ್ದು: ಫಿಲ್ಟರ್ ಬದಲು, ತೇಲುಗುಂಡು ತೊಳೆದು ಬಿಡಿಸಿದ್ದು
ಆಮೇಲೆ: ಹೆಬ್ಬೆರಳು ಒತ್ತಿದಾಗ 620
ಮತ್ತೆ ಬಳಕೆಗೆ: 8.50. ಕಾರಣ: 5

ಇಂಥ ಕೆಲವು ನಮೂದುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲವೂ ರಾತ್ರಿ ಪಾಳಿಯವೇ, ಎಲ್ಲದರಲ್ಲೂ ಬಾಟಲಿ ತುಂಬಿತ್ತು. ಮೋಟರಿಗೆ ಏನೂ ಆಗಿರಲಿಲ್ಲ. ಆ ಫಿಲ್ಟರ್ ನೀರು ತಾಗಿದರೆ ಗಾಳಿಯನ್ನೇ ತಡೆಯುತ್ತದೆ. ಪಂಪಿನೊಳಗೆ ದ್ರವ ಹೋಗದಂತೆ ಕಾಯುವುದೇ ಅದರ ಕೆಲಸ. ರಾತ್ರಿ ಒಬ್ಬರೇ ಸಿಸ್ಟರ್ ಇರುವಾಗ ಹೆರಿಗೆಯ ನಡುವೆ ಬಾಟಲಿ ಬದಲಿಸಲು ಕೈ ಬಿಡುವಿರುವುದಿಲ್ಲ. ಹೊಸ ಯಂತ್ರ ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಎರಡನೇ ಬಾಟಲಿ, ಡ್ರಾಯರಿನಲ್ಲಿ ಎರಡು ಫಿಲ್ಟರ್, ಮುಕ್ಕಾಲು ತುಂಬಿದಾಗ ಬದಲಿಸಲು ಬಾಟಲಿಯ ಮೇಲೆ ಕೆಂಪು ಗೆರೆ ಎಂದು ತೀರ್ಮಾನವಾಯಿತು.

ಕಾರಣ 5 ಬರೆದಾಗ ಅದರ ಪಕ್ಕ ಸಿಬ್ಬಂದಿಯ ಹೆಸರು ಬೇಡ. ಒಂದು ಸಲ ಈ ಪುಸ್ತಕ ಹಿಡಿದು ಯಾರನ್ನಾದರೂ ಬೈದರೆ ಮತ್ತೆ ಅದರಲ್ಲಿ ನಿಜ ಬರೆಯುವವರು ಸಿಗುವುದಿಲ್ಲ. ಆಡಳಿತದವರು ಇದನ್ನು ಮೊದಲೇ ಎಲ್ಲರ ಎದುರು ಹೇಳಿಬಿಡಬೇಕು.

'ಓಕೆ' ಬೇಡ, ಅಂಕಿ ಬೇಕು

ರಿಪೇರಿಯ ದಾಖಲೆ ಅರ್ಧ ಭಾಗ ಮಾತ್ರ. ಕೆಡುವ ಮೊದಲೇ ಮಾಡುವ ಸರ್ವಿಸ್, ತಪಾಸಣೆಗಳ ದಾಖಲೆ ಇನ್ನರ್ಧ. ಇಲ್ಲಿ ಎಲ್ಲರೂ ಟಿಕ್ ಹಾಕಿ 'ಓಕೆ' ಬರೆಯುತ್ತಾರೆ. ಹನ್ನೆರಡು ತಿಂಗಳು ಓಕೆ, ಹದಿಮೂರನೇ ತಿಂಗಳು ಯಂತ್ರ ಬಂದ್. ಅಂಕಿ ಬರೆದಿದ್ದರೆ ಅದು ಇಳಿಯುತ್ತಾ ಬಂದದ್ದು ಕಾಣುತ್ತಿತ್ತು.

ಅಂಕಿ ಬರೆಯುವ ಅಭ್ಯಾಸ ನಮಗೆ ಹೊಸದೇನಲ್ಲ. ಲಸಿಕೆ ಇಡುವ ಫ್ರಿಜ್ಜು ಐಎಲ್‌ಆರ್‌ನ ತಾಪಮಾನವನ್ನು ದಿನಕ್ಕೆ 2 ಸಲ, ರಜಾ ದಿನವೂ ಬಿಡದೆ ಬರೆಯುತ್ತೇವೆ. 2ರಿಂದ 8 ಡಿಗ್ರಿಯ ಒಳಗೆ ಇರಬೇಕು ಎಂದು ಕೇಂದ್ರದ ಎಲ್ಲರಿಗೂ ಬಾಯಿಪಾಠ. ಉಳಿದ ಯಂತ್ರಗಳಿಗೂ ಅದೇ ಮರ್ಯಾದೆ ಕೊಡಿ.

ಆಕ್ಸಿಜನ್ ಕಾನ್ಸನ್‌ಟ್ರೇಟರನ್ನು ಎಲ್ಲಕ್ಕಿಂತ ಮೊದಲು ನೋಡಿ. 2021ರ ಎರಡನೇ ಅಲೆಯ ಹೊತ್ತಿಗೆ ಬಂದ ಇವು ಎಷ್ಟೋ ಕಡೆ ಸ್ಟೋರ್ ರೂಮಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿವೆ. ಇದರ ಒಳಗೆ ಜಿಯೋಲೈಟ್ ಎಂಬ ಹರಳುಗಳಿವೆ. ಗಾಳಿಯಲ್ಲಿರುವ ನೈಟ್ರೋಜನನ್ನು ಅವು ಹಿಡಿದಿಟ್ಟು ಆಕ್ಸಿಜನನ್ನು ಬಿಡುತ್ತವೆ. ಆದರೆ ಅವಕ್ಕೆ ನೈಟ್ರೋಜನಿಗಿಂತ ನೀರಿನ ತೇವವೇ ಇಷ್ಟ. ತೇವ ಹಿಡಿದರೆ ಕೆಲಸದ ಶಕ್ತಿ ಹೋಗುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಆಟಿ ತಿಂಗಳಿನ ತೇವದಲ್ಲಿ, ಓಡಿಸದೇ ಇಟ್ಟ ಯಂತ್ರದ ಗತಿ ಏನು ಯೋಚಿಸಿ. ಸ್ವಿಚ್ ಹಾಕಿದರೆ ಶಬ್ದ ಬರುತ್ತದೆ, ಗಾಳಿಯೂ ಬರುತ್ತದೆ. ಆ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಎಂಬುದೇ ಪ್ರಶ್ನೆ.

ಆದ್ದರಿಂದ ತಿಂಗಳಿಗೊಮ್ಮೆಯಾದರೂ ಕೈಪಿಡಿ ಹೇಳಿದಷ್ಟು ಹೊತ್ತು ಓಡಿಸಿ. ಕೊನೆಗೆ ಆಕ್ಸಿಜನ್ ಅನಲೈಸರ್ ಹಿಡಿದು ಪೂರ್ತಿ ಹರಿವಿನಲ್ಲಿ ಶೇಕಡಾವಾರು ನೋಡಿ. ಒಳ್ಳೆಯ ಸ್ಥಿತಿಯಲ್ಲಿ ಇದು 93ರ ಆಸುಪಾಸು, ಹೆಚ್ಚುಕಡಿಮೆ 3 ಇರಬೇಕು. 82ಕ್ಕಿಂತ ಕೆಳಗೆ ಇಳಿದರೆ ಅಪಾಯ. ಪುಸ್ತಕದಲ್ಲಿ 94, 93, 91, 88 ಎಂದು ಬರುತ್ತಿದ್ದರೆ 82ಕ್ಕೆ ಕಾಯಬೇಡಿ. ಮೊದಲು ಫಿಲ್ಟರ್ ನೋಡಿ, ಆಮೇಲೆ ಎಂಜಿನಿಯರನ್ನು ಕರೆಯಿರಿ. ಯಂತ್ರ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಅದರ ಮೀಟರ್ ತೋರಿಸುವುದನ್ನೂ ಪಕ್ಕದಲ್ಲಿ ಬರೆಯಿರಿ. ಅನಲೈಸರ್ ಇಲ್ಲದ ಕೇಂದ್ರಗಳು ಹತ್ತಿರದ ಮೂರ್ನಾಲ್ಕು ಕೇಂದ್ರಗಳ ಜೊತೆ ಸೇರಿ ಒಂದನ್ನು ಕೊಂಡರೂ ಆದೀತು.

ಆಟೋಕ್ಲೇವಿನಲ್ಲಿ 121 ಡಿಗ್ರಿ ಬಿಸಿ, 15 ಪಿಎಸ್‌ಐ ಒತ್ತಡ ಬಂತೋ ಎಂಬುದರ ಜೊತೆಗೆ, ಅಲ್ಲಿಗೆ ಮುಟ್ಟಲು ಎಷ್ಟು ನಿಮಿಷ ಹಿಡಿಯಿತು ಎಂದೂ ಬರೆಯಿರಿ. ಈ ಒಂದು ಅಂಕಿ ಬಹಳ ಮಾತಾಡುತ್ತದೆ. ಮೊದಲು 25 ನಿಮಿಷ ಹಿಡಿಯುತ್ತಿದ್ದದ್ದು ಈಗ 40 ಆದರೆ ಹೀಟರಿನ ಮೇಲೆ ಬಿಳಿ ಪದರ ಕಟ್ಟಿರಬಹುದು, ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಸೋರುತ್ತಿರಬಹುದು, ಇಲ್ಲವೇ ವೋಲ್ಟೇಜ್ ಕಡಿಮೆ ಇರಬಹುದು.

ಡಯಾಲಿಸಿಸ್ ಇರುವ ಕಡೆ ನೀರು ಶುದ್ಧ ಮಾಡುವ ಆರ್‌ಓ ಘಟಕಕ್ಕೆ ಬರುವ ನೀರಿನ ಮತ್ತು ಶುದ್ಧವಾಗಿ ಹೊರಹೋಗುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಎರಡನ್ನೂ ದಿನಾ ಬರೆಯಬೇಕು. ಬೇಸಿಗೆಯಲ್ಲಿ ಬಾವಿಕ್ಕೆರೆಯಿಂದ ಪೇಟೆಗೆ ಬರುವ ನೀರು ಉಪ್ಪಾಗಿ ಕಾಸರಗೋಡು ಪೇಟೆಯವರು ವರ್ಷಾನುವರ್ಷ ಕಷ್ಟಪಟ್ಟದ್ದು ನಮಗೆಲ್ಲ ಗೊತ್ತು. ಕರಾವಳಿಯ ಬಾವಿಗಳಲ್ಲೂ ಏಪ್ರಿಲ್, ಮೇ ಬಂದರೆ ಉಪ್ಪು ಏರುತ್ತದೆ. ಒಳಬರುವ ನೀರಿನ ಅಂಕಿ ಏರಿದ್ದು ಪುಸ್ತಕದಲ್ಲಿ ಕಂಡರೆ ಮೆಂಬ್ರೇನ್ ಬದಲಿಸುವ ಖರ್ಚಿಗೆ ಮೊದಲೇ ತಯಾರಾಗಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಾಮಾಲೆಯ ಮಗುವಿಗೆ ಬಳಸುವ ಫೋಟೋಥೆರಪಿ ದೀಪ ಉರಿಯುತ್ತಿದ್ದರೆ ಸಾಲದು. ಬೆಳಕು ಕಣ್ಣಿಗೆ ಮೊದಲಿನ ಹಾಗೇ ಕಂಡರೂ ಕೆಲಸದ ಶಕ್ತಿ ಇಳಿದಿರುತ್ತದೆ. ಉರಿದ ಗಂಟೆ ಬರೆಯಿರಿ, ಮೀಟರ್ ಇದ್ದರೆ ಬೆಳಕಿನ ಅಳತೆಯನ್ನೂ ಬರೆಯಿರಿ. ಡಿಫಿಬ್ರಿಲೇಟರಿನಲ್ಲಿ ದಿನದ ಟೆಸ್ಟ್ ಶಾಕಿನ ಫಲ, ಬ್ಯಾಟರಿ ಹಾಕಿದ ತಾರೀಖು, ಪ್ಯಾಡುಗಳ ಅವಧಿ ಬರೆಯಬೇಕು. ಸಿರಿಂಜ್ ಪಂಪನ್ನು ಪ್ಲಗ್ ಕಿತ್ತು ಓಡಿಸಿ, ಬ್ಯಾಟರಿಯಲ್ಲಿ ಎಷ್ಟು ನಿಮಿಷ ಓಡಿತು ಎಂದು ನೋಡಿ. ಮುಳ್ಳಿನ ಬಿಪಿ ಯಂತ್ರದಲ್ಲಿ ಗಾಳಿ ಪೂರ್ತಿ ಬಿಟ್ಟಾಗ ಮುಳ್ಳು ಸೊನ್ನೆಗೆ ಬಂತೇ ನೋಡಿ. ಇಸಿಜಿಯಲ್ಲಿ 1 ಮಿಲಿವೋಲ್ಟಿಗೆ ಗೆರೆ 10 ಮಿಲಿಮೀಟರ್ ಏಳಬೇಕು. ಆ ಪಟ್ಟಿಯನ್ನೇ ಕತ್ತರಿಸಿ ಕಾರ್ಡಿಗೆ ಅಂಟಿಸಿ.

ಮಳೆ, ಸಿಡಿಲು, ಉಪ್ಪುಗಾಳಿ

ಕಂಪನಿಯವರು ವರ್ಷಕ್ಕೆ 2 ಸಲ ಅಥವಾ 4 ಸಲ ಸರ್ವಿಸ್ ಎಂದು ಬರೆದುಕೊಡುತ್ತಾರೆ. ಯಾವ ತಿಂಗಳು ಎಂಬುದನ್ನು ನೀವು ತೀರ್ಮಾನಿಸಿ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ವರೆಗೆ ಮಳೆ, ಅದಕ್ಕೆ ಮೊದಲು ಏಪ್ರಿಲ್–ಮೇ ಮತ್ತು ಆಮೇಲೆ ಅಕ್ಟೋಬರ್–ನವೆಂಬರಿನಲ್ಲಿ ಸಂಜೆಯ ಗುಡುಗು ಸಿಡಿಲು. ಒಂದು ಸರ್ವಿಸನ್ನು ಮೇ ತಿಂಗಳಲ್ಲಿ ಮಳೆ ಹಿಡಿಯುವ ಮೊದಲು, ಇನ್ನೊಂದನ್ನು ಸೆಪ್ಟೆಂಬರ್ ಕೊನೆಗೆ ಇಡಿಸಿ.

ಅರ್ತಿಂಗ್ ಅಳೆಯಲು ಒಳ್ಳೆಯ ಕಾಲ ಬಿರುಬೇಸಿಗೆ. ಮುರಕಲ್ಲಿನ ಒಣ ನೆಲದಲ್ಲಿ ಅರ್ತಿಂಗಿನ ತಡೆ ಅತಿ ಹೆಚ್ಚಿರುತ್ತದೆ. ಆಗಸ್ಟಿನಲ್ಲಿ ಅಳೆದರೆ ನೆಲ ನೀರು ಕುಡಿದು ತೊಯ್ದಿರುತ್ತದೆ, ಅಂಕಿ ಚೆಂದ ಬರುತ್ತದೆ, ಏಪ್ರಿಲಿನಲ್ಲಿ ಅದೇ ಅರ್ತಿಂಗ್ ಕೈಕೊಡುತ್ತದೆ. ಆದ್ದರಿಂದ ಅಳತೆಯ ಪಕ್ಕ ತಿಂಗಳು ಬರೆಯದೇ ಬಿಡಬೇಡಿ. ಕಾರಣ 3 ಬಂದಾಗ ಯಾವ ಕೋಣೆ, ಯಾವ ಪ್ಲಗ್ ಎಂದೂ ಬರೆಯಿರಿ. ಬೇರೆ ಬೇರೆ ಯಂತ್ರಗಳು ಒಂದೇ ಪ್ಲಗ್ಗಿನಲ್ಲಿ ಕೆಡುತ್ತಿದ್ದರೆ ರಿಪೇರಿ ಮಾಡಬೇಕಾದ್ದು ಗೋಡೆಯನ್ನು.

ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಆಸ್ಪತ್ರೆಗಳಲ್ಲಿ ಉಪ್ಪುಗಾಳಿಗೆ ಕನೆಕ್ಟರುಗಳು ಹಸಿರುಗಟ್ಟುತ್ತವೆ. ಬದಿಯಡ್ಕ, ಮುಳ್ಳೇರಿಯ ಕಡೆ ಅಷ್ಟು ತೊಂದರೆಯಿಲ್ಲ. ಒಂದೇ ಮಾಡೆಲ್ ಎರಡೂ ಕಡೆ ಇದ್ದರೆ ಕಾರ್ಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಕಡಲ ಬದಿಯದಕ್ಕೆ ಸರ್ವಿಸ್ ಬೇಗ ಬೇಗ ಬೇಕೋ ಎಂದು ಅದೇ ಹೇಳುತ್ತದೆ.

ಎಕ್ಸ್-ರೇ ಯಂತ್ರಕ್ಕೆ ಕಾನೂನಿನ ಲೆಕ್ಕ ಬೇರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಕನಿಷ್ಠ 2 ವರ್ಷಕ್ಕೊಮ್ಮೆ ಗುಣಮಟ್ಟದ ಪರೀಕ್ಷೆ ಆಗಬೇಕು. ವಿಕಿರಣ ಸುರಕ್ಷತೆಗೆ ಸಂಬಂಧಿಸಿದ ರಿಪೇರಿ ಆದರೆ ಮತ್ತೆ ಮಾಡಿಸಬೇಕು. ಆ ತಾರೀಖನ್ನು ಕಾರ್ಡಿನ ನೆತ್ತಿಯಲ್ಲೇ ಕೆಂಪಿನಲ್ಲಿ ಬರೆದಿಡಿ.

ತಿಂಗಳಿಗೊಮ್ಮೆ ಕೂತು ಓದಿ

ಬರೆದದ್ದನ್ನು ಓದದಿದ್ದರೆ ಬರೆದವರ ಶ್ರಮ ಸುಮ್ನೆ ದಂಡ. ತಿಂಗಳ ಮೊದಲ ವಾರ ಅರ್ಧ ಗಂಟೆ ಸಾಕು. ಡಾಕ್ಟರಲ್ಲೊಬ್ಬರು, ಹೆಡ್ ನರ್ಸ್, ಸ್ಟೋರಿನವರು, ಯಂತ್ರ ನೋಡುವವರು ಕೂತುಕೊಳ್ಳಿ. ಆ ತಿಂಗಳ ಸಾಲುಗಳನ್ನು ಜೋರಾಗಿ ಓದಿ.

ಮೊದಲು ಯಂತ್ರ ಎಷ್ಟು ಹೊತ್ತು ಕೆಲಸಕ್ಕೆ ಸಿಕ್ಕಿತು ಎಂದು ಲೆಕ್ಕ ಹಾಕಿ. 30 ದಿನಕ್ಕೆ 720 ಗಂಟೆ. 72 ಗಂಟೆ ನಿಂತಿದ್ದರೆ ಸಿಕ್ಕಿದ್ದು ಶೇಕಡಾ 90. ರಾಷ್ಟ್ರೀಯ ಆರೋಗ್ಯ ಮಿಷನ್ 2015ರಲ್ಲಿ ಸರ್ಕಾರಿ ಆಸ್ಪತ್ರೆಗಳ ಯಂತ್ರ ನಿರ್ವಹಣೆಗೆ ತಂದ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗೆ ಶೇಕಡಾ 95, ಸಮುದಾಯ ಆರೋಗ್ಯ ಕೇಂದ್ರಕ್ಕೆ 90, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 80 ಎಂದು ಗುರಿ ಇಟ್ಟಿತು. ಖಾಸಗಿಯವರೂ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಆದರೆ ಇಡೀ ಆಸ್ಪತ್ರೆಯ ಸರಾಸರಿ ನೋಡಿ ಸಮಾಧಾನಪಡಬೇಡಿ. ನೂರು ಯಂತ್ರಗಳಲ್ಲಿ ತೊಂಬತ್ತೊಂಬತ್ತು ಓಡುತ್ತಿದ್ದು, ಇರುವ ಒಂದೇ ಡಿಫಿಬ್ರಿಲೇಟರ್ ನಿಂತಿದ್ದರೆ ಸರಾಸರಿ 99 ಎಂದೇ ಬರುತ್ತದೆ.

ಆಮೇಲೆ ಒಂದೇ ಯಂತ್ರ ಮತ್ತೆ ಮತ್ತೆ ಬಂದಿದೆಯೇ, ಒಂದೇ ಕಾರಣದ ಅಂಕಿ ಬೇರೆ ಬೇರೆ ಯಂತ್ರಗಳಲ್ಲಿ ಬಂದಿದೆಯೇ ನೋಡಿ. ಕಾರಣ 2 ಜಾಸ್ತಿ ಇದ್ದರೆ ಸ್ಪೇರ್ ಸಾಮಾನಿನ ಪಟ್ಟಿ ಅಲ್ಲೇ ತಯಾರಾಯಿತು ಎಂದು ತಿಳಿಯಿರಿ. ನಾನು ನೋಡಿದ ಆಸ್ಪತ್ರೆಗಳಲ್ಲಿ ಯಂತ್ರ ನಿಲ್ಲುವುದು ಹೆಚ್ಚಾಗಿ ದೊಡ್ಡ ಭಾಗ ಹೋಗಿ ಅಲ್ಲ. ಇಸಿಜಿಯ ಲೀಡ್ ವೈರ್, ಪಲ್ಸ್ ಆಕ್ಸಿಮೀಟರಿನ ಪ್ರೋಬ್, ಬಿಪಿ ಕಫ್, ಬ್ಯಾಟರಿ, ಫ್ಯೂಸ್, ಫಿಲ್ಟರ್, ಗ್ಯಾಸ್ಕೆಟ್ ಇಂಥವೇ. ಇವನ್ನು ಒಂದು ಬೀರುವಿನಲ್ಲಿ ಇಟ್ಟರೆ ಗಡಿ ಮುಚ್ಚಿದರೂ, ಹರತಾಳ ಆದರೂ, ರಸ್ತೆಯಲ್ಲಿ ನೀರು ನಿಂತರೂ ಕೆಲಸ ನಡೆಯುತ್ತದೆ. ಬ್ಯಾಟರಿಯನ್ನು ಮಾತ್ರ ತುಂಬ ತಂದಿಡಬೇಡಿ, ಇಟ್ಟಲ್ಲೇ ಹಳತಾಗುತ್ತದೆ.

ಕಾರಣ 6, ಅಂದರೆ ದೋಷ ಕಾಣಲಿಲ್ಲ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಸ್ಟರ್ ಸುಮ್ಮನೆ ಕಂಪ್ಲೇಂಟ್ ಕೊಡುವುದಿಲ್ಲ. ಎಂಜಿನಿಯರ್ ಹಗಲು ಬಂದು ನೋಡಿದಾಗ ಸರಿ ಇರುತ್ತದೆ, ರಾತ್ರಿ ವೋಲ್ಟೇಜ್ ಇಳಿದಾಗ ನಿಲ್ಲುತ್ತದೆ. ಎರಡು ಸಲ 6 ಬಂದರೆ ಮೂರನೇ ಸಲಕ್ಕೆ ಕಾಯದೆ ಯಂತ್ರವನ್ನು ತೊಂದರೆ ಆಗುವ ಹೊತ್ತಿನಲ್ಲೇ, ಅದೇ ಪ್ಲಗ್ಗಿನಲ್ಲೇ ಇಟ್ಟು ಪರೀಕ್ಷಿಸಲು ಹೇಳಿ. ಬಳಸುವ ಕ್ರಮ ಗೊತ್ತಿಲ್ಲದೆಯೂ 6 ಬರಬಹುದು. ವರ್ಗಾವಣೆಯಾಗಿ ಹೊಸಬರು ಬಂದ ತಿಂಗಳು 5 ಮತ್ತು 6 ಏರಿದರೆ ಅರ್ಧ ದಿನದ ತರಬೇತಿ ಇಡಿ.

ಕಾಂಟ್ರಾಕ್ಟ್ ಮಾತಿಗೆ ಕೂರುವಾಗ

ವಾರಂಟಿ ಮುಗಿಯುವ ಎರಡು ತಿಂಗಳ ಮೊದಲು ಕಾರ್ಡ್ ತೆಗೆಯಿರಿ. ಬಾಕಿ ಉಳಿದ ಸಣ್ಣಪುಟ್ಟ ತೊಂದರೆಗಳನ್ನೆಲ್ಲ ಬರೆದು ಕಂಪನಿಗೆ ಕಳಿಸಿ, ವಾರಂಟಿಯ ಒಳಗೇ ಮಾಡಿಸಿ. ಒಂದು ದಿನ ತಡವಾದರೂ ಬಿಲ್ ನಿಮ್ಮದು.

ಆಮೇಲೆ ವರ್ಷದ ನಿರ್ವಹಣೆಯ ಕಾಂಟ್ರಾಕ್ಟ್ ಎಎಂಸಿಯೋ ಸಿಎಂಸಿಯೋ ಎಂಬ ಪ್ರಶ್ನೆ. ಎಎಂಸಿಯಲ್ಲಿ ಸಾಮಾನ್ಯವಾಗಿ ಕೆಲಸದ ಕೂಲಿ ಮಾತ್ರ, ಭಾಗಗಳಿಗೆ ಬೇರೆ ಹಣ. ಸಿಎಂಸಿಯಲ್ಲಿ ಭಾಗಗಳೂ ಸೇರಿರುತ್ತವೆ, ದರ ಜಾಸ್ತಿ. ಹಳೆಯ ಮೂರು ವರ್ಷದ ದಾಖಲೆ ಇದ್ದರೆ ಲೆಕ್ಕ ಸುಲಭ. ಭಾಗಗಳಿಗೆ ವರ್ಷಕ್ಕೆ ಎಷ್ಟು ಹೋಯಿತು ಎಂದು ಕೂಡಿಸಿ, ಎರಡು ದರಗಳ ವ್ಯತ್ಯಾಸದ ಜೊತೆ ಹೋಲಿಸಿ. ದಾಖಲೆ ಇಲ್ಲದವರು ಸೇಲ್ಸ್‌ನವರು ಹೇಳಿದ್ದನ್ನು ನಂಬಬೇಕಾಗುತ್ತದೆ. ಸಿಎಂಸಿಗೆ ಸಹಿ ಹಾಕುವ ಮೊದಲು ಪ್ರೋಬ್, ಬ್ಯಾಟರಿ, ಆಕ್ಸಿಜನ್ ಸೆನ್ಸರ್, ಎಕ್ಸ್-ರೇ ಟ್ಯೂಬ್ ಸೇರಿವೆಯೇ ಎಂದು ಒಂದೊಂದಾಗಿ ಕೇಳಿ. ಹೆಚ್ಚಾಗಿ ಹೋಗುವುದೂ ಇವೇ, ಹೆಚ್ಚಾಗಿ ಬಿಟ್ಟುಹೋಗಿರುವುದೂ ಇವೇ.

ಒಪ್ಪಿದ ಸರ್ವಿಸ್ ಎಷ್ಟು, ಬಂದದ್ದು ಎಷ್ಟು ಎಂಬುದನ್ನು ಪುಸ್ತಕದಿಂದ ತೆಗೆದು ತೋರಿಸಿ. ಯಂತ್ರ ನಿಂತ ದಿನಗಳಿಗೆ ಸರಿಯಾಗಿ ವಾರಂಟಿ ಮುಂದುವರಿಸಬೇಕು ಎಂಬ ಷರತ್ತು ಸರ್ಕಾರಿ ಟೆಂಡರುಗಳಲ್ಲಿ ಇರುವುದುಂಟು. ನಿಮ್ಮ ಕರಾರಿನಲ್ಲಿ ಇದೆಯೇ ನೋಡಿ. ಇದ್ದರೂ ನಿಂತ ದಿನ, ತಿಳಿಸಿದ ದಿನ ಬರವಣಿಗೆಯಲ್ಲಿ ಇಲ್ಲದಿದ್ದರೆ ಕೇಳುವಂತಿಲ್ಲ. ಫೋನಿನಲ್ಲಿ ಹೇಳಿದ ಮೇಲೆ ಒಂದು ಸಾಲಿನ ಇಮೇಲನ್ನೂ ಹಾಕಿ, ಅವರು ಕೊಟ್ಟ ಕಂಪ್ಲೇಂಟ್ ನಂಬರನ್ನು ಪುಸ್ತಕದಲ್ಲಿ ಬರೆಯಿರಿ.

ರೋಗಿಗೆ ತೊಂದರೆ ಆಗಿದ್ದರೆ

ಇದು ಬೇರೆಯೇ ದಾರಿ. ಯಂತ್ರದಿಂದ ರೋಗಿಗೆ ಸುಟ್ಟಗಾಯ, ಶಾಕ್, ತಪ್ಪು ಪ್ರಮಾಣದ ಔಷಧಿ ಇಂಥದ್ದು ಆದರೆ ಮೊದಲು ರೋಗಿಯನ್ನು ನೋಡಿಕೊಳ್ಳಿ. ಆಮೇಲೆ ಯಂತ್ರವನ್ನು ಬೇರೆ ಇಡಿ. ಬಿಚ್ಚಬೇಡಿ, ತೊಳೆಯಬೇಡಿ, ಸೆಟ್ಟಿಂಗ್ ಬದಲಿಸಬೇಡಿ. ಪರದೆಯ ಫೋಟೋ ತೆಗೆದು, ಕೇಬಲ್, ಪ್ಯಾಡ್, ಸಿರಿಂಜ್ ಸಮೇತ ಚೀಟಿ ಕಟ್ಟಿ ಬೀಗ ಹಾಕಿ. ಕಂಪನಿಯವರು ಬಂದರೂ ಆಸ್ಪತ್ರೆಯವರ ಎದುರಿನಲ್ಲೇ ಮುಟ್ಟಲಿ. ವೈದ್ಯಕೀಯ ಸಾಧನಗಳಿಂದಾಗುವ ಇಂಥ ಘಟನೆಗಳನ್ನು ತಿಳಿಸಲು ಭಾರತದಲ್ಲಿ 2015ರಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಇದನ್ನು ನೋಡಿಕೊಳ್ಳುತ್ತದೆ. ಉಚಿತ ಸಹಾಯವಾಣಿ 1800-180-3024. ನಮ್ಮಂಥ ಸಣ್ಣ ಆಸ್ಪತ್ರೆಯವರೂ ತಿಳಿಸಬಹುದು, ತಿಳಿಸಬೇಕು. ಅದೇ ಮಾಡೆಲ್ ಇನ್ನೆಷ್ಟು ಕಡೆ ಇದೆಯೋ ಯಾರಿಗೆ ಗೊತ್ತು?

ರಿಪೇರಿಯೋ, ಹೊಸದೋ

ಹಳೆಯದನ್ನು ಬಿಡುವ ತೀರ್ಮಾನವೂ ಕಾರ್ಡಿನಿಂದಲೇ ಬರಲಿ. ಈವರೆಗಿನ ರಿಪೇರಿ ಖರ್ಚು ಕೂಡಿಸಿ. ಈಗ ಕೇಳುತ್ತಿರುವ ಒಂದು ರಿಪೇರಿಗೆ ಹೊಸ ಯಂತ್ರದ ಬೆಲೆಯ ಅರ್ಧದಷ್ಟು ಬೇಕೆಂದಾದರೆ ಬಿಡುವುದೇ ಮೇಲು ಎಂಬ ಅಂದಾಜು ಈ ಕೆಲಸದವರಲ್ಲಿ ಇದೆ. ನಾನು ಅದರ ಜೊತೆ ಇನ್ನೆರಡನ್ನು ನೋಡುತ್ತೇನೆ: ಭಾಗಗಳು ಇನ್ನೂ ಸಿಗುತ್ತವೆಯೇ, ಎರಡು ರಿಪೇರಿಗಳ ನಡುವಿನ ಅಂತರ ಕಡಿಮೆಯಾಗುತ್ತಾ ಬಂದಿದೆಯೇ. ಮೊದಲು ಹತ್ತು ತಿಂಗಳಿಗೊಮ್ಮೆ, ಆಮೇಲೆ ಐದು, ಈಗ ಎರಡು ತಿಂಗಳಿಗೊಮ್ಮೆ ಎಂದಾದರೆ ಖರ್ಚು ಸಣ್ಣದಿದ್ದರೂ ಅದನ್ನು ತುರ್ತು ಕೋಣೆಯಲ್ಲಿ ಇಡಬೇಡಿ.

ಕಂಡೆಮ್ ಆದದ್ದನ್ನು ಗುಜರಿಗೆ ಕೊಡುವಂತಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ವೈದ್ಯಕೀಯ ಸಾಧನಗಳೂ ಸೇರಿವೆ. ನೋಂದಾಯಿತರಿಗೇ ಕೊಟ್ಟು ರಶೀದಿಯನ್ನು ಕಾರ್ಡಿಗೆ ಅಂಟಿಸಿ. ಅದಕ್ಕೆ ಮೊದಲು ಅಲ್ಟ್ರಾಸೌಂಡ್, ಮಾನಿಟರುಗಳಲ್ಲಿ ಉಳಿದಿರುವ ರೋಗಿಗಳ ಮಾಹಿತಿ ಅಳಿಸಿ.

ಹೊಸದಕ್ಕೆ ಹಣ ಎಲ್ಲಿಂದ? ಕೇರಳದಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತಿನ ಅಡಿಯಲ್ಲಿವೆ, ಸಮುದಾಯ ಆರೋಗ್ಯ ಕೇಂದ್ರಗಳು ಬ್ಲಾಕ್ ಪಂಚಾಯತಿನ ಅಡಿಯಲ್ಲಿ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿನ ಅಡಿಯಲ್ಲಿ. ಯೋಜನಾ ಹಣದಲ್ಲಿ ಯಂತ್ರ ಕೊಳ್ಳುವ ದಾರಿ ಇದೆ. ಆದರೆ ರಸ್ತೆ, ನೀರು, ಅಂಗನವಾಡಿಗಳ ನಡುವೆ ನಮ್ಮ ಅರ್ಜಿ ನಿಲ್ಲಬೇಕು. 'ಹೊಸ ಆಟೋಕ್ಲೇವ್ ಅತ್ಯಗತ್ಯ' ಎಂದು ಬರೆದ ಅರ್ಜಿಯನ್ನು ಮೆಂಬರು ಪಕ್ಕಕ್ಕೆ ಇಡುತ್ತಾರೆ, ಅವರದೂ ತಪ್ಪಲ್ಲ. ಒಂದೇ ಪುಟದಲ್ಲಿ ಇಷ್ಟು ಕೊಡಿ: ಯಂತ್ರ ಬಂದ ವರ್ಷ, ಕಳೆದ ವರ್ಷ ನಿಂತ ದಿನಗಳು, ಆ ದಿನಗಳಲ್ಲಿ ಬೇರೆ ಕಡೆಗೆ ಕಳಿಸಿದ ಅಥವಾ ಮುಂದೂಡಿದ ರೋಗಿಗಳ ಸಂಖ್ಯೆ, ರಿಪೇರಿಗೆ ಹೋದ ಹಣ, ಭಾಗ ಸಿಗುವುದಿಲ್ಲ ಎಂದು ಕಂಪನಿ ಕೊಟ್ಟ ಪತ್ರದ ಪ್ರತಿ, ಹೊಸದರ ಬೆಲೆಯ ಜೊತೆ ಐದು ವರ್ಷದ ಸಿಎಂಸಿ ದರ. ಆಸ್ಪತ್ರೆ ನಿರ್ವಹಣಾ ಸಮಿತಿಯ ಸಭೆಯಲ್ಲಿ ಆ ಪುಟವನ್ನು ಓದಿ ನಡವಳಿಗೆ ಸೇರಿಸಿ. ಪಂಚಾಯತಿನಲ್ಲಿ ಮುಂದಿನ ವರ್ಷದ ಯೋಜನೆ ತಯಾರಾಗುವ ಮೊದಲು, ಮೆಂಬರನ್ನು ಆಸ್ಪತ್ರೆಗೆ ಕರೆದು ಹಿಸ್ಟರಿ ಕಾರ್ಡನ್ನು ಅವರ ಕೈಗೇ ಕೊಡಿ.